ಒಣಗುವ ತೋರಣವೇ ಲೇಸು



ಯುಗಾದಿಗೆ ಇನ್ನೂ ಹದಿನೈದು ದಿನ ಇರುವಾಗಲೇ ನಮ್ಮ ಮೈಸೂರಿನ ಸಯ್ಯಾಜಿರಾವ್ ರಸ್ತೆಯ ಅಂಗಡಿಗಳ ಮುಂದೆ ಪ್ಲಾಸ್ಟಿಕ್ ಮಾವಿನೆಲೆಯ ತೋರಣಗಳು ತೂಗಾಡತೊಡಗುತ್ತವೆ. ದೂರದಿಂದ ನೋಡಿದವರಿಗೆ ನಿಜವಾದ ಎಲೆಯೇ ಎಂಬ ಭ್ರಮೆ ಹುಟ್ಟಿಸುವಷ್ಟು ಅಚ್ಚುಕಟ್ಟು. ನಡುನಡುವೆ ಹಳದಿ ಚೆಂಡುಹೂವು, ತುದಿಯಲ್ಲೊಂದು ಪುಟ್ಟ ಗಂಟೆ. ಕೊಂಡವರು ಹೇಳುವ ಮಾತು ಸಾಮಾನ್ಯವಾಗಿ ಒಂದೇ: "ಒಮ್ಮೆ ಕಟ್ಟಿಬಿಟ್ಟರೆ ಐದು ವರ್ಷ ಯೋಚನೆಯಿಲ್ಲ." ನನ್ನ ತಕರಾರು ಇರುವುದು ಈ ಮಾತಿನ ಮೇಲೆಯೇ. ಹಬ್ಬದ ಅಲಂಕಾರದಲ್ಲಿ ಯೋಚನೆಯೂ ಇಲ್ಲ, ಕೆಲಸವೂ ಇಲ್ಲ ಎಂದಾದ ಮೇಲೆ ಅದರಲ್ಲಿ ಉಳಿಯುವುದೇನು ಎಂಬುದನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಅಲಂಕಾರವೆಂಬುದು ನಮ್ಮ ಊರಿಗೆ ಹೊಸತೇನಲ್ಲ. ದಸರೆ ಬಂದಿತೆಂದರೆ ಅರಮನೆಯ ಮೇಲೆ ಸುಮಾರು ಒಂದು ಲಕ್ಷ ದೀಪಗಳು ಒಮ್ಮೆಗೇ ಬೆಳಗುತ್ತವೆ. ಬೀದಿಬೀದಿಗಳಲ್ಲಿ ದೀಪದ ಸಾಲುಗಳು ಏಳುತ್ತವೆ. ಅದನ್ನೆಲ್ಲ ಮಾಡುವವರು ಬೇರೆ, ನಾವು ನೋಡುವವರು. ಯುಗಾದಿಗೆ ಜಂಬೂಸವಾರಿಯಿಲ್ಲ, ಪಂಜಿನ ಕವಾಯತಿಲ್ಲ. ಅದರ ಅಲಂಕಾರವೆಲ್ಲ ನಮ್ಮ ನಮ್ಮ ಹೊಸಿಲು, ಬಾಗಿಲು, ಅಂಗಳಗಳಿಗೆ ಸೇರಿದ್ದು. ದಸರೆ ನಾಡಹಬ್ಬವಾದರೆ ಯುಗಾದಿ ಮನೆಹಬ್ಬ. ಮನೆಯವರು ಕೈಹಾಕದಿದ್ದರೆ ಅದಕ್ಕೆ ಬೇರೆ ದಿಕ್ಕಿಲ್ಲ.

ನಾನು ಹುಡುಗನಾಗಿದ್ದಾಗ ನಾವು ಅಗ್ರಹಾರದ ಒಂದು ವಠಾರದಲ್ಲಿದ್ದೆವು. ಹಬ್ಬಕ್ಕೆ ವಾರ ಮೊದಲೇ ಗೋಡೆಗೆ ಸುಣ್ಣ, ಬುಡದಲ್ಲಿ ಕೆಮ್ಮಣ್ಣಿನ ಕಾರಣೆ. ರಂಗೋಲಿ ಪುಡಿಯನ್ನು ಬೀದಿಯಲ್ಲಿ ಕೂಗುತ್ತ ಬರುವ ಹೆಂಗಸರಿಂದ ಪಾವಿನ ಲೆಕ್ಕದಲ್ಲಿ ಕೊಳ್ಳುತ್ತಿದ್ದರು. ಬಣ್ಣಕ್ಕೆ ಅಂಗಡಿಗೆ ಹೋಗುವ ಪ್ರಮೇಯವೇ ಇರಲಿಲ್ಲ. ಹಳದಿಗೆ ಅರಿಸಿನ, ಕೆಂಪಿಗೆ ಕುಂಕುಮ, ಕಾವಿಗೆ ಇಟ್ಟಿಗೆ ಪುಡಿ, ಕಪ್ಪಿಗೆ ಒಲೆಯ ಇದ್ದಿಲು. ಒಡೆದ ಇಟ್ಟಿಗೆಯನ್ನು ಕುಟ್ಟಿ ಹಳೆಯ ಪಂಚೆಯ ತುಂಡಿನಲ್ಲಿ ಜರಡಿ ಹಿಡಿಯುವ ಕೆಲಸ ನಮ್ಮಂಥ ಹುಡುಗರದು. ಮಾವಿನ ಮರವಿದ್ದ ಮನೆ ಇಡೀ ಬೀದಿಗೆ ಒಂದೋ ಎರಡೋ. ಅಮಾವಾಸ್ಯೆಯ ಸಂಜೆ ಆ ಮನೆಯ ಮುಂದೆ ಮಕ್ಕಳ ಸಾಲು ನಿಲ್ಲುತ್ತಿದ್ದಿತು. ಮನೆಯ ಯಜಮಾನರು ದೋಟಿಯಲ್ಲಿ ಒಂದೊಂದು ರೆಂಬೆ ಇಳಿಸಿ ಎಣಿಸಿದಂತೆ ಹಂಚುತ್ತಿದ್ದರು. ಮರುದಿನ ಆ ಮನೆಗೆ ಬೇವುಬೆಲ್ಲ ಕೊಟ್ಟು ನಮಸ್ಕರಿಸಿ ಬರಬೇಕೆಂಬುದು ಯಾರೂ ಬರೆದಿಡದ ಕಟ್ಟಳೆ. ಎಲೆಯ ನೆಪದಲ್ಲಿ ಬೀದಿಯ ಹತ್ತು ಮನೆಗಳು ಒಂದು ಮನೆಯ ಋಣದಲ್ಲಿರುತ್ತಿದ್ದವು. ಇಂಥ ಸಣ್ಣ ಋಣಗಳು ಬೀದಿಯೊಂದನ್ನು ಒಟ್ಟಾಗಿ ಹಿಡಿದಿಡುತ್ತವೆಂದು ನಾನು ನಂಬಿದ್ದೇನೆ.

ತೋರಣ ಕಟ್ಟುವ ಬಗೆಯನ್ನೂ ಹೇಳಿಬಿಡುತ್ತೇನೆ. ಗೊತ್ತಿದ್ದವರು ಈ ಭಾಗವನ್ನು ದಾಟಬಹುದು. ಹೆಸರು ತಳಿರುತೋರಣವಾದರೂ ಎಳೆಯ ತಳಿರನ್ನು ಕಟ್ಟಿದರೆ ಮಧ್ಯಾಹ್ನದೊಳಗೆ ಬಾಡಿ ಜೋತುಬೀಳುತ್ತದೆ. ಕಡುಹಸಿರಿನ ಬಲಿತ ಎಲೆಯನ್ನೇ, ಒಂದೇ ಅಳತೆಯದನ್ನು ಆರಿಸಬೇಕು. ಮೂರೂವರೆ ಅಡಿ ಅಗಲದ ಬಾಗಿಲಿಗೆ ಇಪ್ಪತ್ತೊಂದು ಎಲೆ ಸಾಕು. ತೊಳೆದು ಬಟ್ಟೆಯಲ್ಲಿ ಒರೆಸಿ, ತೊಟ್ಟಿನ ಕಡೆಯಿಂದ ಒಂದು ಅಂಗುಲ ಬಿಟ್ಟು ದಾರದ ಮೇಲೆ ಮಡಿಸಿ, ಆ ಮಡಿಕೆಗೆ ತೆಂಗಿನ ಗರಿಯ ಕಡ್ಡಿಯ ಚೂರನ್ನು ಹೊಲಿಗೆ ಹಾಕಿದಂತೆ ಚುಚ್ಚಬೇಕು. ದಾರಕ್ಕೆ ನೀರಿನಲ್ಲಿ ನೆನೆಸಿದ ಬಾಳೆನಾರೋ ಸೆಣಬಿನ ಹುರಿಯೋ ಆದೀತು. ನಡುವೆ ಹೂಬಿಟ್ಟ ಬೇವಿನ ಒಂದು ಗೊಂಚಲು. ಅಭ್ಯಾಸವಿದ್ದವರಿಗೆ ಇಪ್ಪತ್ತು ನಿಮಿಷದ ಕೆಲಸ; ಮಕ್ಕಳು ಸೇರಿದರೆ ಒಂದು ಗಂಟೆ. ಆ ಹೆಚ್ಚಿನ ನಲವತ್ತು ನಿಮಿಷವೇ ಹಬ್ಬವೆಂದು ನಾನು ಲೆಕ್ಕ ಹಾಕುತ್ತೇನೆ.

ಇಲ್ಲೊಂದು ಮಾತನ್ನು ಸ್ಪಷ್ಟಪಡಿಸಬೇಕು. ಹಬ್ಬ ಹತ್ತಿರ ಬಂದಂತೆ ಮೊಬೈಲಿನಲ್ಲಿ ಒಂದು ಸಂದೇಶ ಸುತ್ತಾಡುತ್ತದೆ: ಕಿತ್ತ ಮೇಲೂ ಮಾವಿನ ಎಲೆ ಆಮ್ಲಜನಕ ಬಿಡುತ್ತಲೇ ಇರುತ್ತದೆ, ಬಾಗಿಲಲ್ಲಿ ಕಟ್ಟಿದರೆ ಮನೆಯ ಗಾಳಿಯೆಲ್ಲ ಶುದ್ಧವಾಗುತ್ತದೆ, ನಮ್ಮ ಹಿರಿಯರು ಇದನ್ನು ತಿಳಿದೇ ಮಾಡಿದ್ದರು ಎಂದು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ವಿಜ್ಞಾನದ ಪಾಠ ಹೇಳಿದವನಾಗಿ ಇದನ್ನು ಒಪ್ಪಲಾರೆ. ಕಿತ್ತ ಎಲೆ ಸ್ವಲ್ಪ ಕಾಲ ಜೀವಂತವಾಗಿರುತ್ತದೆ, ನಿಜ. ಆದರೆ ನೀರಿನ ಪೂರೈಕೆ ತಪ್ಪಿದೊಡನೆ ಅದರ ಪತ್ರರಂಧ್ರಗಳು ಮುಚ್ಚಿಕೊಳ್ಳತೊಡಗುತ್ತವೆ, ಆಹಾರ ತಯಾರಿಕೆ ನಿಲ್ಲುತ್ತ ಬರುತ್ತದೆ. ಇಪ್ಪತ್ತೊಂದು ಎಲೆಗಳು ಒಂದು ಮನೆಯ ಗಾಳಿಯನ್ನು ಶುದ್ಧಗೊಳಿಸಲಾರವು. ಮಾವಿನ ಎಲೆ ತೋರಣಕ್ಕೆ ಒದಗುವುದಕ್ಕೆ ಕಣ್ಣಿಗೆ ಕಾಣುವ ಕಾರಣಗಳೇ ಸಾಕಷ್ಟಿವೆ. ಅದು ನಿತ್ಯಹಸಿರಿನ ಮರ, ವರ್ಷವಿಡೀ ಎಲೆ ಸಿಗುತ್ತದೆ. ಎಲೆ ದಪ್ಪ, ಮೇಲ್ಮೈಯಲ್ಲಿ ಮೇಣದ ಹೊದಿಕೆ. ಆದ್ದರಿಂದ ಬೇಗ ಬಾಡುವುದಿಲ್ಲ, ಒಣಗಿದರೂ ಉದುರಿ ಕಸವಾಗುವುದಿಲ್ಲ. ಒಳ್ಳೆಯ ಪದ್ಧತಿಯನ್ನು ಸುಳ್ಳು ವಿಜ್ಞಾನದ ಊರುಗೋಲಿನ ಮೇಲೆ ನಿಲ್ಲಿಸಹೊರಟರೆ, ನಾಳೆ ಊರುಗೋಲು ಮುರಿದ ದಿನ ಪದ್ಧತಿಯೂ ಬೀಳುತ್ತದೆ.

ಹಾಗಾದರೆ ಎಲೆಯ ತೋರಣದ ಹೆಚ್ಚುಗಾರಿಕೆ ಯಾವುದು? ಅದು ಒಣಗುತ್ತದೆ ಎಂಬುದೇ. ಯುಗಾದಿಯೆಂದರೆ ಹೊಸ ವರ್ಷದ ಮೊದಲ ದಿನ. ಅದು ಬೇರೆ ಬೇರೆ ವರ್ಷ ಬೇರೆ ಬೇರೆ ದಿನಾಂಕಕ್ಕೆ ಬರುತ್ತದೆ: 2023ರಲ್ಲಿ ಮಾರ್ಚ್ 22, 2024ರಲ್ಲಿ ಏಪ್ರಿಲ್ 9, 2025ರಲ್ಲಿ ಮಾರ್ಚ್ 30. ಚಾಂದ್ರಮಾನದ ವರ್ಷವು ಸೌರಮಾನಕ್ಕಿಂತ ಸುಮಾರು ಹನ್ನೊಂದು ದಿನ ಚಿಕ್ಕದು. 2023ರಲ್ಲಿ ಬಂದಂತೆ ಅಧಿಕಮಾಸ ಬಂದಾಗ ಮತ್ತೆ ಸರಿಹೊಂದುತ್ತದೆ. ಹೀಗಾಗಿ ಒಂದು ವರ್ಷದ ತೋರಣದಲ್ಲಿ ಬೇವಿನ ಗೊಂಚಲಿನ ತುಂಬ ಮೊಗ್ಗು, ಮತ್ತೊಂದು ವರ್ಷ ಅರಳಿದ ಹೂವು. ಯುಗಾದಿಯ ಹೊತ್ತಿಗೆ ಬೀದಿಯ ಹೊಂಗೆ ಮರ ಒಮ್ಮೆ ಬೋಳಾಗಿರುತ್ತದೆ, ಒಮ್ಮೆ ಎಣ್ಣೆ ಹಚ್ಚಿದಂತೆ ಹೊಳೆಯುವ ಹೊಸ ಎಲೆ ತಳೆದಿರುತ್ತದೆ. ಎಲೆ ತರಲು ಹೊರಗೆ ಹೋದವನು ಇವನ್ನೆಲ್ಲ ನೋಡಿಕೊಂಡೇ ಬರುತ್ತಾನೆ. ಆಮೇಲೆ ದಿನಕ್ಕಿಷ್ಟು ಹಸಿರು ಕಳೆದುಕೊಳ್ಳುವ ತೋರಣ, ಹಬ್ಬ ಕಳೆದು ಎಷ್ಟು ದಿನವಾಯಿತೆಂದು ಬಾಗಿಲಲ್ಲೇ ಹೇಳುತ್ತಿರುತ್ತದೆ. ಪ್ಲಾಸ್ಟಿಕ್ ತೋರಣಕ್ಕೆ ಚೈತ್ರವೂ ಒಂದೇ, ಆಷಾಢವೂ ಒಂದೇ. ಎಂಟು ತಿಂಗಳ ಧೂಳು ಹೊತ್ತು ತೂಗುವ ತೋರಣದ ಕೆಳಗೆ ಹಾದುಹೋಗುವವರು ಅದನ್ನು ನೋಡುವುದನ್ನೇ ಮರೆತಿರುತ್ತಾರೆ. ಯುಗಾದಿಯ ದಿನವೂ ಅದು ಅಲ್ಲಿಯೇ ಇರುತ್ತದೆಯಾದ್ದರಿಂದ ಆ ಬಾಗಿಲಿಗೆ ಹೊಸ ವರ್ಷ ಬಂದ ಗುರುತೇ ಇಲ್ಲ.

ಈ ಮಾತಿಗೆ ನಮ್ಮ ಬಂಧುವರ್ಗದಲ್ಲೇ ಒಬ್ಬರು ಆಕ್ಷೇಪ ಎತ್ತಿದರು: "ನಿಮ್ಮ ಅಜ್ಜಿ ಪೋಣಿಸಿದ ಮಣಿತೋರಣ ಒಣಗುತ್ತಿತ್ತೇ?" ಪ್ರಶ್ನೆ ನ್ಯಾಯವಾದದ್ದು. ಹಳೆಯ ಮೈಸೂರಿನ ಅನೇಕ ಮನೆಗಳಲ್ಲಿ ಬಣ್ಣದ ಮಣಿಗಳಿಂದ ಹೆಣೆದ ತೋರಣಗಳೂ, ಉಣ್ಣೆಯ, ಕ್ರೋಷಾದ ತೋರಣಗಳೂ ಇದ್ದವು. ಕೆಲವು ಮನೆಗಳಲ್ಲಿ ಈಗಲೂ ಇವೆ. ಅವು ಮೂರು ತಲೆಮಾರು ಬಾಳುತ್ತವೆ. ಆದರೆ ಅವನ್ನು ವರ್ಷವಿಡೀ ತೂಗುಹಾಕುತ್ತಿರಲಿಲ್ಲ. ಹಬ್ಬದ ಹಿಂದಿನ ದಿನ ಟ್ರಂಕಿನಿಂದ ತೆಗೆದು, ಸಿಕ್ಕು ಬಿಡಿಸಿ, ಕಳಚಿದ ಮಣಿಯನ್ನು ಪೋಣಿಸಿ ಕಟ್ಟುವರು. ಹಬ್ಬ ಮುಗಿದೊಡನೆ ಹಳೆಯ ಸೀರೆಯಲ್ಲಿ ಸುತ್ತಿ ಒಳಗಿಡುವರು. ಆದ್ದರಿಂದ ನನ್ನ ವಾದವನ್ನು ಹೀಗೆ ಸ್ವಲ್ಪ ತಿದ್ದಿ ಹೇಳುತ್ತೇನೆ: ತೋರಣವು ಎಲೆಯದೋ ಮಣಿಯದೋ ಕಾಗದದ್ದೋ ಆಗಿರಲಿ, ಅದನ್ನು ಮನೆಯ ಕೈ ಮಾಡಿರಬೇಕು, ದಿನ ನೋಡಿ ಕಟ್ಟಬೇಕು, ದಿನ ನೋಡಿ ಬಿಚ್ಚಬೇಕು. ಕಟ್ಟಿ ಮರೆತುಬಿಡುವ ತೋರಣ ಮಾತ್ರ ಬೇಡ.

ಇದಕ್ಕಿಂತ ತೂಕದ ಆಕ್ಷೇಪವನ್ನು ಎತ್ತಿದವಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ, ಇಬ್ಬರು ಮಕ್ಕಳ ತಾಯಿ. ದೂರವಾಣಿಯಲ್ಲಿ ಹೇಳಿದಳು: "ಸಾರ್, ಹಬ್ಬದ ಹಿಂದಿನ ದಿನ ನಾನು ಮನೆ ಸೇರುವಾಗ ರಾತ್ರಿ ಎಂಟಾಗಿರುತ್ತದೆ. ಬೇಳೆ ಬೇಯಿಸಿ ಹೂರಣ ರುಬ್ಬಬೇಕು, ದೇವರ ಸಾಮಾನು ತೊಳೆಯಬೇಕು, ಮಕ್ಕಳ ಬಟ್ಟೆ ನೋಡಬೇಕು. ತೋರಣ ಕಟ್ಟುವುದಕ್ಕೆ ಇನ್ನೊಂದು ಕೈ ಎಲ್ಲಿಂದ ತರಲಿ?" ಒಳ್ಳೆಯ ಹಳೆಯ ದಿನಗಳನ್ನು ಹೊಗಳುವ ನಮ್ಮಂಥ ಮುದುಕರು ಈ ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗಬಾರದು. ಆ ದಿನಗಳ ಹಬ್ಬದ ಸೊಬಗಿನ ಹಿಂದೆ ಬೆಳಗಿನ ನಾಲ್ಕಕ್ಕೆ ಎದ್ದು ರಾತ್ರಿ ಎಲ್ಲರಿಗಿಂತ ಕೊನೆಗೆ ಊಟಕ್ಕೆ ಕೂರುತ್ತಿದ್ದ ತಾಯಂದಿರ ಬೆನ್ನುನೋವಿದ್ದಿತು. ಮನೆಯ ಹೆಣ್ಣುಮಕ್ಕಳ ತಲೆಯ ಮೇಲೆ ಮತ್ತೊಂದು ಹೊರೆ ಹೊರಿಸುವುದಾದರೆ ಪ್ಲಾಸ್ಟಿಕ್ ತೋರಣವೇ ಇರಲಿ ಎಂದು ನಾನೂ ಹೇಳುತ್ತೇನೆ.

ಆದರೆ ನಾನು ಅವಳಿಗೆ ಹೇಳಿದ್ದು ಇಷ್ಟು: "ಇನ್ನೊಂದು ಕೈಯನ್ನು ಹೊರಗಿನಿಂದ ತರಬೇಕಾಗಿಲ್ಲ ಕಣಮ್ಮ, ನಿಮ್ಮ ಮನೆಯಲ್ಲೇ ಆರು ಕೈಗಳು ಖಾಲಿ ಕುಳಿತಿವೆ." ತೋರಣ ಕಟ್ಟುವುದಕ್ಕೆ ಅಡುಗೆ ಬಲ್ಲವರಾಗಬೇಕಿಲ್ಲ, ಮಡಿ ಉಡಬೇಕಿಲ್ಲ, ಮಂತ್ರ ಬೇಕಿಲ್ಲ. ಆರು ವರ್ಷದ ಮಗುವೂ ಎಲೆ ಒರೆಸಬಲ್ಲದು. ನಮ್ಮ ಬಾಲ್ಯದಲ್ಲಿಯೂ ತೋರಣ ಗಂಡುಹುಡುಗರ ಮತ್ತು ತಂದೆಯರ ಕೆಲಸವೇ ಆಗಿದ್ದಿತು. ಅಂಗಡಿಯ ತೋರಣ ಬಂದ ಮೇಲೆ ಹಬ್ಬದ ಕೆಲಸದಿಂದ ಮೊದಲು ಬಿಡುಗಡೆ ಪಡೆದವರು ಮನೆಯ ಗಂಡಸರು. ಒಲೆಯ ಮುಂದಿನ ಕೆಲಸ ಒಂದಿಷ್ಟೂ ಕಡಮೆಯಾಗಲಿಲ್ಲ. ಇದನ್ನು ಓದುತ್ತಿರುವ ನನ್ನ ಗಂಡು ಶಿಷ್ಯರು ದಯವಿಟ್ಟು ಯೋಚಿಸಬೇಕು.

ಮಕ್ಕಳ ವಿಷಯ ಬಂದಿದ್ದರಿಂದ ನಾನು ಕಂಡ ಒಂದು ಸಂಗತಿಯನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಅಮಾವಾಸ್ಯೆಯ ಸಂಜೆ ನಮ್ಮ ಬಡಾವಣೆಯ ಮಕ್ಕಳನ್ನು ಜಗಲಿಯ ಮೇಲೆ ಕೂರಿಸಿಕೊಂಡು ಎಲೆ, ಹುರಿ, ಕಡ್ಡಿ ಹಂಚಿದೆ. ಎಲ್ಲರೂ ಜಾಣರು, ಗ್ರಹಗಳ ಹೆಸರು ಹೇಳುವರು, ಇಂಗ್ಲಿಷಿನಲ್ಲಿ ಅರಳು ಹುರಿದಂತೆ ಮಾತಾಡುವರು. ಎಲೆ ಚುಚ್ಚುವ ಕೆಲಸ ಬೇಗ ಕಲಿತರು. ಕೊನೆಯಲ್ಲಿ ಹುರಿಯ ಎರಡು ತುದಿಗೆ ಕುಣಿಕೆ ಹಾಕಬೇಕಾದಾಗ ಹತ್ತು ವರ್ಷದ ಹುಡುಗನೊಬ್ಬ ಮೆಲ್ಲನೆ ಬಂದು, "ತಾತ, ಗಂಟು ಹೇಗೆ ಹಾಕೋದು?" ಎಂದು ಕೇಳಿದ. ಅವನ ಬೂಟಿಗೆ ದಾರವಿಲ್ಲ, ಅಂಟುಪಟ್ಟಿ. ಅವನ ಚಡ್ಡಿಗೆ ಲಾಡಿಯಿಲ್ಲ, ಎಲಾಸ್ಟಿಕ್. ಹತ್ತು ವರ್ಷದ ಬದುಕಿನಲ್ಲಿ ಒಂದು ಗಂಟು ಹಾಕಬೇಕಾದ ಸಂದರ್ಭವೇ ಅವನಿಗೆ ಬಂದಿರಲಿಲ್ಲ. ಹುಡುಗನದಾಗಲಿ ತಂದೆತಾಯಿಗಳದಾಗಲಿ ತಪ್ಪು ಎಂದು ನಾನು ಹೇಳುವುದಿಲ್ಲ. ಕೈಗೆ ಕೆಲಸ ಕೊಡುವ ಸಂದರ್ಭಗಳು ಒಂದೊಂದಾಗಿ ಮನೆಯಿಂದ ಜಾರಿಹೋಗುತ್ತಿರುವುದನ್ನು ಹೇಳುತ್ತಿದ್ದೇನೆ.

1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ನಡೆದ ಶಿಕ್ಷಣ ಸಮ್ಮೇಳನದಲ್ಲಿ ಗಾಂಧೀಜಿ ಮುಂದಿಟ್ಟದ್ದು ಇದನ್ನೇ: ಮಗುವಿನ ಕಲಿಕೆ ಕೈಕೆಲಸದ ಮೂಲಕ ಸಾಗಬೇಕು. ಜಾಕಿರ್ ಹುಸೇನರ ಅಧ್ಯಕ್ಷತೆಯ ಸಮಿತಿ ಅದಕ್ಕೊಂದು ಪಠ್ಯಕ್ರಮವನ್ನೂ ರೂಪಿಸಿತು. ಆ ಯೋಜನೆ ಶಾಲೆಗಳಲ್ಲಿ ಬೇರೂರಲಿಲ್ಲ. ಕರಕುಶಲದ ಅವಧಿಯಾಗಿ ಉಳಿದದ್ದನ್ನೂ ಪರೀಕ್ಷೆಯ ಪಾಠಗಳು ನುಂಗಿದುದನ್ನು ನನ್ನ ವೃತ್ತಿಜೀವನದಲ್ಲಿಯೇ ಕಂಡೆ. ಆಗಸ್ಟ್ 15ಕ್ಕೆ ಮೈದಾ ಅಂಟು ಕಾಯಿಸಿ ಬಣ್ಣದ ಕಾಗದದ ಸರಪಣಿ ಮಾಡಿ ತರಗತಿಯಲ್ಲಿ ಕಟ್ಟಿದ್ದು ನಿಮಗೆಲ್ಲ ನೆನಪಿರಬೇಕು. ಅಂಟಿನ ಬಟ್ಟಲಿಗೆ ಬೆರಳಿಟ್ಟು ಚಪ್ಪರಿಸಿದವರಾರೆಂದು ಇಲ್ಲಿ ಬರೆಯುವುದಿಲ್ಲ! ಶಾಲೆಯಲ್ಲಿ ಅವಕಾಶ ಕಡಮೆಯಾದಷ್ಟೂ ಹಬ್ಬದ ಹಿಂದಿನ ಸಂಜೆಯ ಬೆಲೆ ಹೆಚ್ಚುತ್ತದೆ.

ಇನ್ನು ಹಬ್ಬದ ಮಾರನೆಯ ದಿನದ ಮಾತು. ನಮ್ಮ ಮೈಸೂರು 2015 ಮತ್ತು 2016ರಲ್ಲಿ ಕೇಂದ್ರ ಸರ್ಕಾರದ ಸ್ವಚ್ಛತಾ ಸಮೀಕ್ಷೆಗಳಲ್ಲಿ ದೇಶಕ್ಕೇ ಮೊದಲ ಸ್ಥಾನ ಪಡೆದ ಊರು. ಕರ್ನಾಟಕ ಸರ್ಕಾರವು 2016ರ ಮಾರ್ಚಿನಲ್ಲಿಯೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳ ಜೊತೆಗೆ ಪ್ಲಾಸ್ಟಿಕ್ ಬಾವುಟ, ಬಂಟಿಂಗ್, ಫ್ಲೆಕ್ಸ್‌ಗಳನ್ನೂ ನಿಷೇಧಿಸಿತು. 2022ರ ಜುಲೈ 1ರಿಂದ ದೇಶದಾದ್ಯಂತ ಜಾರಿಗೆ ಬಂದ ನಿಷೇಧದ ಪಟ್ಟಿಯಲ್ಲಿ ಅಲಂಕಾರದ ಥರ್ಮೋಕೋಲ್ ಕೂಡ ಸೇರಿದೆ. ಹೀಗಿದ್ದೂ ಬಾಗಿಲ ಮೇಲಿನ ಪ್ಲಾಸ್ಟಿಕ್ ಎಲೆಯನ್ನು ನಾವು ಕಸವೆಂದು ಎಣಿಸುವುದೇ ಇಲ್ಲ, ಏಕೆಂದರೆ ಅದಕ್ಕೆ ಅರಿಸಿನ ಕುಂಕುಮ ತಾಕಿರುತ್ತದೆ. ಐದು ವರ್ಷದ ಮೇಲೆ ಬಣ್ಣಗೆಟ್ಟ ಆ ತೋರಣವನ್ನು ಹಸಿಕಸಕ್ಕೆ ಹಾಕುವಂತಿಲ್ಲ, ಗೊಬ್ಬರವಾಗುವುದಿಲ್ಲ. ವಿದ್ಯಾರಣ್ಯಪುರದ ಸೂಯೆಜ್ ಫಾರಂನಲ್ಲಿ ದಶಕಗಳ ಕಾಲ ಕಸದ ಗುಡ್ಡೆ ಬೆಳೆದದ್ದನ್ನೂ, ಸುತ್ತಲಿನ ಬಡಾವಣೆಯವರು ವಾಸನೆ ಕುಡಿದದ್ದನ್ನೂ ನಾವು ಮರೆಯಬಾರದು.

ಎಲೆಯ ತೋರಣ ಕಟ್ಟುವವರಿಗೂ ಒಂದು ಎಚ್ಚರಿಕೆ. ಈಗೀಗ ಕಡ್ಡಿಯ ಬದಲು ಸ್ಟೇಪ್ಲರ್ ಪಿನ್ ಹೊಡೆಯುವುದು ರೂಢಿಯಾಗಿದೆ. ಒಣಗಿದ ತೋರಣವನ್ನು ಬೀದಿಬದಿಗೆ ಎಸೆದರೆ ಹಸು ತಿನ್ನುತ್ತದೆ. ತಂತಿಯ ಚೂರು ಹೊಟ್ಟೆ ಸೇರಿದರೆ ಅದರ ಜೀವಕ್ಕೇ ಸಂಚಕಾರ. ತೆಂಗಿನ ಕಡ್ಡಿ ಚುಚ್ಚಿದ್ದರೆ ಇಡೀ ತೋರಣವನ್ನೇ ಗಿಡದ ಬುಡಕ್ಕೆ ಹಾಕಬಹುದು. ಹಾಗೆಯೇ, ರಸ್ತೆಯ ಮರದ ರೆಂಬೆಯನ್ನೇ ಸೀಳಿ ಎಳೆದು ಮೂರು ಪಾಲು ಎಲೆಯನ್ನು ಅಲ್ಲಿಯೇ ಚೆಲ್ಲಿಹೋಗುವ ಭಕ್ತಿ ಯಾರಿಗೂ ಬೇಡ. ಇಪ್ಪತ್ತೊಂದು ಎಲೆ ಬೇಕಾದವರು ಇಪ್ಪತ್ತೊಂದನ್ನೇ ಕೀಳಲಿ. ಮರ ಹತ್ತಿರವಿಲ್ಲದವರು ದೇವರಾಜ ಮಾರುಕಟ್ಟೆಯ ಹೊರಗೆ ಸುತ್ತಲ ಹಳ್ಳಿಗಳಿಂದ ಮಾವು, ಬೇವಿನ ಕಟ್ಟು ಹೊತ್ತು ತಂದು ಕೂರುವವರಿಂದ ಚೌಕಾಸಿ ಮಾಡದೆ ಕೊಳ್ಳಲಿ. ಅವರು ಆ ಕಟ್ಟಿಗಾಗಿ ಹಬ್ಬದ ಹಿಂದಿನ ರಾತ್ರಿಯನ್ನು ಫುಟ್‌ಪಾತಿನಲ್ಲಿ ಕಳೆದಿರುತ್ತಾರೆ.

ಪರದೇಶಗಳಲ್ಲಿರುವ ನಮ್ಮ ಮಕ್ಕಳು, ಮೊಮ್ಮಕ್ಕಳು "ನಮಗೆ ಮಾವಿನ ಮರವೆಲ್ಲಿ?" ಎಂದು ಕೇಳುವುದುಂಟು. ಅವರಿಗೆ ನೆರೆನಾಡಿನ ಒಂದು ಪದ್ಧತಿ ಹೇಳುತ್ತೇನೆ. ಇರಾನಿನವರ ಹೊಸ ವರ್ಷವಾದ ನೌರೂಜ್ ನಮ್ಮ ಯುಗಾದಿಯ ಆಸುಪಾಸಿನಲ್ಲೇ, ಮಾರ್ಚ್ 20 ಅಥವಾ 21ರ ಸುಮಾರಿಗೆ ಬರುತ್ತದೆ. ಹಬ್ಬಕ್ಕೆ ವಾರವೆರಡು ವಾರ ಇರುವಾಗಲೇ ಅವರು ತಟ್ಟೆಯಲ್ಲಿ ಗೋಧಿಯನ್ನೋ ಮಸೂರವನ್ನೋ ಮೊಳಕೆ ಬರಿಸುತ್ತಾರೆ. ಹಬ್ಬದ ದಿನ ಆ ಹಸಿರು ತಟ್ಟೆಯೇ ಮನೆಯ ಅಲಂಕಾರ. ಹದಿಮೂರನೆಯ ದಿನ ಅದನ್ನು ಹೊರಗೆ ಒಯ್ದು ಹರಿಯುವ ನೀರಿಗೆ ಬಿಡುತ್ತಾರೆ. ನಮ್ಮ ಮದುವೆ ಉಪನಯನಗಳಲ್ಲಿ ಅಂಕುರಾರ್ಪಣೆಗೆ ನವಧಾನ್ಯ ಮೊಳೆಯಿಸುವುದು ನಿಮಗೆ ನೆನಪಾದೀತು. ಬೆಳೆಸುವುದು, ಇಡುವುದು, ಬಿಡುವುದು ಮೂರೂ ಅಲ್ಲಿ ಹಬ್ಬದ ಅಂಗಗಳೇ. ಮಾವಿನ ಎಲೆ ಸಿಗದ ಊರಿನಲ್ಲಿ ಮಗುವಿನ ಕೈಯಿಂದ ಹಸಿರು ಕಾಗದದಲ್ಲಿ ಇಪ್ಪತ್ತೊಂದು ಎಲೆ ಕತ್ತರಿಸಿ ದಾರಕ್ಕೆ ಪೋಣಿಸಿರಿ. ಎಲೆಗಳು ಸೊಟ್ಟಗಿದ್ದರೆ ಸೊಟ್ಟಗೇ ಇರಲಿ. ಮುಂದಿನ ವರ್ಷ ಅದೇ ಮಗು ಅದಕ್ಕಿಂತ ನೇರವಾಗಿ ಕತ್ತರಿಸುವುದನ್ನು ನೀವೇ ನೋಡುವಿರಿ. ಅಂಗಡಿಯ ತೋರಣದಲ್ಲಿ ಈ ಬೆಳವಣಿಗೆ ಕಾಣಸಿಗುವುದಿಲ್ಲ.

ನಮ್ಮ ಮನೆಯಲ್ಲಿ ಯುಗಾದಿಯ ತೋರಣವನ್ನು ರಾಮನವಮಿಯ ಬೆಳಿಗ್ಗೆ ಬಿಚ್ಚಿ ಹೊಸದನ್ನು ಕಟ್ಟುತ್ತೇವೆ. ಹಳೆಯದು ಹಿತ್ತಲ ಕರಿಬೇವಿನ ಬುಡ ಸೇರುತ್ತದೆ. ನೀವು ಹೀಗೆಯೇ ಮಾಡಬೇಕೆಂದು ಗುರುವಾಗಿ ಅಪ್ಪಣೆ ಕೊಡುವ ಕಾಲ ಕಳೆದುಹೋಯಿತು. ಕೋರಿಕೆಯಷ್ಟೇ ಉಳಿದಿದೆ: ಬರುವ ಯುಗಾದಿಯ ಹಿಂದಿನ ಸಂಜೆ ಒಂದು ಗಂಟೆ ಬಿಡುವು ಮಾಡಿಕೊಳ್ಳಿರಿ, ಮನೆಯ ಅತಿ ಚಿಕ್ಕವರ ಕೈಗೆ ಹುರಿಯನ್ನು ಕೊಡಿರಿ. ಯಾರು ಕಟ್ಟಿದರು, ಎಷ್ಟು ಎಲೆಯಾಯಿತು, ಗಂಟು ನಿಂತಿತೇ ಎಂಬುದನ್ನು ನನಗೆ ಎರಡು ಸಾಲು ಬರೆದು ತಿಳಿಸಿದರೆ ಸಂತೋಷಪಡುತ್ತೇನೆ. ಎಲ್ಲರಿಗೂ ಬೇವುಬೆಲ್ಲದ ಶುಭಾಶಯಗಳು.